ಒಂದೇ ಪಾಯಿಂಟ್ ತಾನೇ!

ದಾವಣಗೆರೆ: ಮಂಡಿಪೇಟೆ, ಚೌಕಿಪೇಟೆಯ ಹಳೇ ಮನೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ. ಅಜ್ಜನ ಕಾಲದಲ್ಲಿ ನಾಲ್ಕು ಬಲ್ಬು, ಒಂದು ರೇಡಿಯೋಗೆಂದು ಎಳೆದ ವೈರು. ಅದರ ಬೆನ್ನ ಮೇಲೆ ಇವತ್ತು ಫ್ರಿಜ್ಜು, ಮಿಕ್ಸಿ, ಗೀಸರ್, ಇನ್ವರ್ಟರ್, ಅಂಗಡಿಯ ಜೆರಾಕ್ಸ್ ಮಷಿನ್ ಎಲ್ಲ ಸವಾರಿ ಮಾಡುತ್ತಿವೆ. ಹೊಸ ಸಾಮಾನು ಬಂದಾಗಲೆಲ್ಲ ಬೀದಿ ಕೊನೆಯ ಹುಡುಗನನ್ನು ಕರೆಯುವುದು, ‘ಒಂದು ಪಾಯಿಂಟ್ ಎಳೆದುಬಿಡಪ್ಪ’ ಎನ್ನುವುದು, ಕೈಗೆ ಒಂದಿಷ್ಟು ದುಡ್ಡು ಇಡುವುದು. ಕೆಲಸ ಮುಗಿಯಿತು.

ನಿಜವಾಗಿ ಮುಗಿಯಿತೇ?

ಊರವರ ಮಾತು ಯಾಕೆ, ಈ ವರದಿಗಾರನ ಮನೆಯದನ್ನೇ ಕೇಳಿ. ಹೋದ ಮಳೆಗಾಲದಲ್ಲಿ ಬಚ್ಚಲಿಗೆ ಗೀಸರ್ ಹಾಕಿಸಿದೆ. ಬಂದ ಹುಡುಗ ಚುರುಕು. ಪಡಸಾಲೆಯ ದೀಪದ ವೈರಿನಿಂದಲೇ ಲೈನ್ ಎಳೆದು ಅರ್ಧ ಗಂಟೆಯಲ್ಲಿ ನೀರು ಬಿಸಿ ಮಾಡಿ ತೋರಿಸಿದ. ನಾಲ್ಕನೇ ದಿನ ಹೆಂಡತಿ, ‘ನಲ್ಲಿ ಮುಟ್ಟಿದ್ರೆ ಕೈ ಜುಂ ಅಂತೈತ್ರೀ’ ಎಂದಳು. ‘ಥಂಡಿಗೆ ಹಂಗಾಗಿರಬೇಕು’ ಎಂದು ಪೇಪರಿನಲ್ಲಿ ತಲೆ ಹುದುಗಿಸಿದೆ. ಮಾರನೇ ದಿನ ಮಗನೂ ಅದನ್ನೇ ಹೇಳಿದಾಗ ಎದೆ ಧಸಕ್ಕೆಂದಿತು. ಮೇನ್ ಆಫ್ ಮಾಡಿ, ಪರ್ಮಿಟ್ ಇರುವ ಹಿರಿಯ ವೈರ್‌ಮನ್ ಒಬ್ಬರನ್ನು ಹುಡುಕಿಕೊಂಡು ಹೋದೆ.

ಅವರು ಬಂದು ಸಾಕೆಟ್ ಬಿಚ್ಚಿದರು. ‘ಬರ್ರಿ ಸಾರ್, ನಿಮ್ಮ ಗೀಸರಿನ ಸಂಪತ್ತು ನೋಡ್ರಿ’ ಎಂದರು. ಮೂರನೇ ಪಿನ್ನಿಗೆ ಅರ್ಥ್ ವೈರೇ ಇಲ್ಲ! ನ್ಯೂಟ್ರಲ್‌ನಿಂದ ಒಂದು ತುಂಡು ತಂದು ಅಲ್ಲೇ ಗಂಟು ಹಾಕಿದ್ದ. ಗೀಸರಿನ ಭಾರಕ್ಕೆ ದೀಪದ ವೈರಿನ ನ್ಯೂಟ್ರಲ್ ಜಾಯಿಂಟ್ ಬಿಸಿಯಾಗಿ ಸಡಿಲವಾಗಿತ್ತು. ವಾಪಸ್ ಹೋಗಲು ದಾರಿ ಸಿಗದ ಕರೆಂಟು ಆ ತುಂಡಿನ ಮೂಲಕ ಗೀಸರಿನ ತಗಡಿಗೆ, ಅಲ್ಲಿಂದ ಕಬ್ಬಿಣದ ಪೈಪಿಗೆ, ನಲ್ಲಿಗೆ ಇಳಿದಿತ್ತು.

ಇನ್ನೊಂದು ಸಂಗತಿ ಬಾಕಿಯಿತ್ತು. ಮನೆಯ ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಎಂಬ ರಕ್ಷಕ ಇದೆ, ದುಡ್ಡು ಕೊಟ್ಟು ಹಾಕಿಸಿದ್ದು ನಾನೇ. ಅದೇಕೆ ಬೀಳಲಿಲ್ಲ? ‘ಅದು ಬಿದ್ದೈತೆ ಸಾರ್, ಪಾಪ. ಈ ಗಂಟು ಹಾಕಿದ್ದಕ್ಕೆ ಪದೇ ಪದೇ ಬಿದ್ದಿರ್ತದೆ. ಇದೊಳ್ಳೆ ಕಾಟ ಅಂತ ಹುಡುಗ ಅದನ್ನ ಬಿಟ್ಟು ಡೈರೆಕ್ಟ್ ಕೊಟ್ಟಿದಾನೆ’ ಎಂದರು. ನಾಯಿ ಬೊಗಳಿತೆಂದು ನಾಯಿಯನ್ನೇ ಓಡಿಸಿ, ಕಳ್ಳನಿಗೆ ಬಾಗಿಲು ತೆರೆದಿಟ್ಟ ಹಾಗಾಯಿತು!

ಬಲ್ಬು ಬೇರೆ, ಪಾಯಿಂಟ್ ಬೇರೆ

ಕಾನೂನು ಏನು ಹೇಳುತ್ತದೆ? ಸುಟ್ಟ ಬಲ್ಬು, ಫ್ಯೂಸು, ಫ್ಯಾನು, ಕೆಟ್ಟ ಸ್ವಿಚ್ಚು ಇದ್ದ ಹಾಗೆಯೇ ಬದಲಿಸಲು ಯಾರ ಲೈಸೆನ್ಸೂ ಬೇಕಿಲ್ಲ. ಆದರೆ ವೈರಿಂಗಿನ ಸಾಮರ್ಥ್ಯ ಇಲ್ಲವೇ ಸ್ವರೂಪ ಬದಲಾಗುವ ಯಾವುದೇ ಸೇರ್ಪಡೆ, ಮಾರ್ಪಾಡನ್ನು ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ, ಅರ್ಹ ಸೂಪರ್‌ವೈಸರ್ ಕಣ್ಗಾವಲಿನಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇದ್ದ ಮಾತು ಇದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಿಗೂ ಬಂತು, 2023ರ ಹೊಸ ನಿಯಮಗಳಲ್ಲೂ ಉಳಿದಿದೆ. ‘ಒಂದೇ ಪಾಯಿಂಟ್ ತಾನೇ’ ಎನ್ನುವ ಗೀಸರ್ ಲೈನೂ ಈ ಲೆಕ್ಕಕ್ಕೇ ಬರುತ್ತದೆ.

ವೈರು ಕಾಯುವವನು, ಜನ ಕಾಯುವವನು

‘ಎಂ.ಸಿ.ಬಿ. ಐತಲ್ಲ, ಮತ್ತೇನು ಭಯ?’ ಎನ್ನುವವರು ಬಹಳ. ಎಂ.ಸಿ.ಬಿ. ಕಾಯುವುದು ವೈರನ್ನು, ನಿಮ್ಮನ್ನಲ್ಲ. 16 ಆಂಪಿಯರ್ ಎಂ.ಸಿ.ಬಿ. ಬೀಳಬೇಕಾದರೆ 16 ಸಾವಿರ ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಮನುಷ್ಯನ ಎದೆಯ ಮೂಲಕ ಬರೀ 50ರಿಂದ 100 ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಹರಿದರೂ ಗುಂಡಿಗೆಯ ತಾಳ ತಪ್ಪಿ ಪ್ರಾಣ ಹೋಗಬಹುದು.

ಆರ್.ಸಿ.ಸಿ.ಬಿ.ಯ ಕೆಲಸ ಅಂಗಡಿಯವರಿಗೆ ಸಲೀಸಾಗಿ ತಿಳಿಯುತ್ತದೆ. ಅದು ಗಲ್ಲಾ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟಕ್ಕಷ್ಟು ವಾಪಸ್ ಬರಬೇಕು. 30 ಮಿಲಿ ಆಂಪಿಯರ್ ಖೋತಾ ಬಿದ್ದರೆ, ಎಲ್ಲೋ ಮೈಗೋ ಮಣ್ಣಿಗೋ ಸೋರಿದೆ ಎಂದು ಹೆಚ್ಚೆಂದರೆ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಲೈನ್ ಕಡಿಯುತ್ತದೆ. 2023ರ ನಿಯಮಗಳು ಮನೆಗಳಿಗೆ ಗೊತ್ತು ಮಾಡಿರುವ ಮಿತಿಯೂ ಈ 30 ಮಿಲಿ ಆಂಪಿಯರೇ. ತೀರಾ ಸಣ್ಣ ಲೋಡಿನ ಮನೆಗೆ ನಿಯಮದಲ್ಲಿ ವಿನಾಯಿತಿ ಉಂಟು. ಆದರೆ ಕರೆಂಟಿಗೆ ಆ ವಿನಾಯಿತಿ ಗೊತ್ತಿಲ್ಲ!

ಹಾಗೆಂದು ಅದು ಸರ್ವರೋಗಕ್ಕೆ ಮದ್ದಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಓವರ್‌ಲೋಡನ್ನೂ ತಡೆಯುವುದಿಲ್ಲ. ಎಂ.ಸಿ.ಬಿ., ಆರ್.ಸಿ.ಸಿ.ಬಿ., ಅರ್ಥಿಂಗ್ ಮೂರೂ ಬೇಕು. ಒಂದರ ಕೆಲಸ ಇನ್ನೊಂದು ಮಾಡದು.

ಕೆಲಸ ಮಾಡಿಸುವ ಮುಂಚೆ

1. ಪರ್ಮಿಟ್ ತೋರಿಸಿ ಎಂದು ಕೇಳಿ. ಸಂಕೋಚ ಬೇಡ. ಅದನ್ನು ಕೊಡುವುದು ಬೆಸ್ಕಾಂ ಅಲ್ಲ, ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ.

2. ಗೀಸರ್, ಎ.ಸಿ.ಗಳಿಗೆ ಬೋರ್ಡಿನಿಂದಲೇ ಬೇರೆ ಲೈನ್ ಬೇಕು. 2 ಸಾವಿರ ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 2.5 ಚದರ ಮಿ.ಮೀ. ತಾಮ್ರದ ವೈರು, ಹೆಚ್ಚಿನ ಲೋಡಿಗೆ 4.

3. ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು ದೊಡ್ಡದು ಹಾಕಿಸಬೇಡಿ. 32 ಆಂಪಿಯರಿನದು ಸಣ್ಣ ವೈರಿಗೆ ಕೂತರೆ, ಅದು ಬೀಳುವ ಮುಂಚೆ ವೈರು ಸುಡುತ್ತದೆ.

4. ಹಸಿರು ವೈರು ಸಾಕೆಟ್‌ನಿಂದ ಅರ್ಥ್ ಗುಂಡಿಯವರೆಗೆ ನಿಜವಾಗಿ ಹೋಗಿದೆಯೇ? ಅಳೆದು ತೋರಿಸಲು ಹೇಳಿ.

5. ಇನ್ವರ್ಟರ್ ಇದ್ದರೆ ಮೇನ್ ಆಫ್ ಮಾಡಿದರೆ ಸಾಲದು, ಅದನ್ನೂ ಆಫ್ ಮಾಡಬೇಕು. ಎಷ್ಟೋ ಕಡೆ ಇನ್ವರ್ಟರ್ ಹಾಕುವಾಗ ಬೇರೆ ಲೈನಿನ ನ್ಯೂಟ್ರಲ್ ಸೇರಿಸಿಬಿಡುತ್ತಾರೆ. ಆಗಲೂ ಆರ್.ಸಿ.ಸಿ.ಬಿ. ಬೀಳುತ್ತದೆ. ನ್ಯೂಟ್ರಲ್ ಸರಿಪಡಿಸಿ, ರಕ್ಷಕನನ್ನು ಕಿತ್ತುಹಾಕಬೇಡಿ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಯಾರದೋ ಹಿಂದೆ ಏಣಿ ಹಿಡಿದು ಕಲಿತವನು. ಕಲಿಸಿದವರು ಇಷ್ಟೇ ಕಲಿಸಿದ್ದರು. ಸೋವಿಗೆ ಆಸೆಪಟ್ಟು ಕರೆದವನು ನಾನು. ಆದರೆ ಪರ್ಮಿಟ್ ಇರುವವರು ಯಾರು, ಎಲ್ಲಿ ಸಿಗುತ್ತಾರೆ ಎಂಬ ಪಟ್ಟಿಯನ್ನು ಬಿಲ್ ಕಟ್ಟುವ ಕೌಂಟರಿನ ಪಕ್ಕ, ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ತೂಗುಹಾಕಿದರೆ ಯಾರ ಗಂಟು ಹೋಗುತ್ತದೆ? ಸಂಬಂಧಪಟ್ಟವರು ಇತ್ತ ನೋಡುವರೇ?

ಅವರು ನೋಡುವವರೆಗೆ ಕಾಯುವುದು ಬೇಡ. ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆ ಸೇರಿದ ಕೂಡಲೇ ಬೋರ್ಡು ನೋಡಿ. ಆರ್.ಸಿ.ಸಿ.ಬಿ. ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಒತ್ತಿ. ಟಪ್ಪೆಂದು ಬಿದ್ದು ದೀಪ ಆರಿದರೆ ಅದು ಬದುಕಿದೆ. ಬೀಳದಿದ್ದರೆ, ನಾಳೆ ಬೆಳಿಗ್ಗೆ ನೀರು ಕಾಯಿಸುವ ಮುಂಚೆ ವೈರ್‌ಮನ್ ಮನೆ ಬಾಗಿಲು ತಟ್ಟಿ.