ವಲಸೆಯ ಶಾಸನವೂ ವಾರ್ತಾಚಿತ್ರದ ವಕಾಲತ್ತೂ

ಪರದೇಶಿಗಳ ಆಗಮನ, ವಾಸ, ನಿರ್ಗಮನಗಳನ್ನು ಕುರಿತ 4 ಹಳೆಯ ಕಾಯಿದೆಗಳನ್ನು ರದ್ದುಗೊಳಿಸಿ, ಅವುಗಳ ಸ್ಥಾನದಲ್ಲಿ ಒಂದೇ ಶಾಸನವನ್ನು ಕೇಂದ್ರ ಸರಕಾರವು 2025ನೆಯ ಇಸವಿ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿರುವುದನ್ನು ವಾಚಕರು ಬಲ್ಲರು. ಆದರೆ ಆ ಶಾಸನದ ಒಂದು ಕಲಮನ್ನಾದರೂ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಬಳ್ಳಾರಿಯ ಕೌಲ್ ಬಜಾರಿನಲ್ಲಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಾಗಲಿ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಕಟ್ಟೆಯ ಮೇಲಾಗಲಿ ಈ ವಿಷಯವಾಗಿ ನಡೆಯುವ ಚರ್ಚೆಯೆಲ್ಲವೂ ಟೀವಿಯಲ್ಲೋ ಫೋನಿನಲ್ಲೋ ನೋಡಿದ ವಾರ್ತಾಚಿತ್ರದಿಂದ ಹುಟ್ಟಿದುದು. "ನಾನೇ ಕಣ್ಣಾರೆ ಕಂಡೆನಲ್ಲ!" ಎಂಬಲ್ಲಿಗೆ ವಾದವು ಮುಗಿದುಹೋಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದುದು ಇಂತಹ ಸಂದರ್ಭಕ್ಕೇ ಇರಬೇಕು.

ವಾರ್ತಾಚಿತ್ರಗಳು ಸುಳ್ಳಾಡುತ್ತವೆಂಬುದು ನಮ್ಮ ಆಕ್ಷೇಪಣೆಯಲ್ಲ. ನ್ಯಾಯಾಲಯದಲ್ಲಿ ವಕೀಲನು ತಾನು ಯಾರ ಪರವೆಂದು ವಕಾಲತ್ತು ಸಲ್ಲಿಸಿಯೇ ವಾದಿಸುತ್ತಾನೆ. ವಾರ್ತಾಚಿತ್ರವಾದರೋ ಸಾಕ್ಷಿಯ ವೇಷದಲ್ಲಿ ಬಂದು ವಕೀಲನ ಕೆಲಸವನ್ನು ಮಾಡುತ್ತದೆ. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವುದು ಚಿತ್ರಮಂದಿರಗಳಿಗೆ ಒಂದು ಕಾಲಕ್ಕೆ ಕಡ್ಡಾಯವಾಗಿತ್ತು. ಆಗ ಮಾತಾಡುತ್ತಿರುವುದು ಸರಕಾರವೆಂದು ಪ್ರೇಕ್ಷಕನಿಗೆ ತಿಳಿದಿತ್ತು. ಇಂದು ಮಾತಾಡುವವನು ಯಾರೆಂಬುದೇ ತಿಳಿಯದು.

ಒಂದು ಉದಾಹರಣೆಯನ್ನು ನೋಡೋಣ. ಸಿರುಗುಪ್ಪದಿಂದ ತುಂಗಭದ್ರೆಯನ್ನು ದಾಟಿದರೆ ಸಿಂಧನೂರು ತಾಲೂಕು. ಪೂರ್ವ ಬಂಗಾಳದಿಂದ ಬಂದ ಹಿಂದೂ ಕುಟುಂಬಗಳನ್ನು ಕೇಂದ್ರ ಸರಕಾರವು 1970ರ ದಶಕದಲ್ಲಿ ಅಲ್ಲಿ ನೆಲೆಗೊಳಿಸಿತು. ಆ ವಸತಿಗಳಿಗೆ ಇಂದಿಗೂ ಆರ್.ಎಚ್. ಕ್ಯಾಂಪುಗಳೆಂದೇ ಹೆಸರು. ಅಲ್ಲಿಗೆ ಹೋದ ಒಬ್ಬ ಚಿತ್ರಕಾರನು ಮುದುಕಿಯೊಬ್ಬಳ ಸುಕ್ಕುಗಟ್ಟಿದ ಕೈಗಳಿಂದ ಆರಂಭಿಸಿ, ಹಿನ್ನೆಲೆಗೆ ಕೊಳಲನ್ನಿಟ್ಟು, ಆಕೆಯನ್ನು 'ನಿರಾಶ್ರಿತೆ' ಎನ್ನಬಹುದು. ಇನ್ನೊಬ್ಬನು ಗಡಿಯ ನಕಾಶೆಯಿಂದ ಆರಂಭಿಸಿ, ಅದರ ಮೇಲೆ ಕೆಂಪು ಬಾಣಗಳನ್ನು ಓಡಿಸಿ, ನಗಾರಿಯನ್ನು ಬಾರಿಸಿ, ಅದೇ ಮುದುಕಿಯ ಮೊಮ್ಮಗನನ್ನು 'ನುಸುಳುಕೋರ' ಎನ್ನಬಹುದು. ಚಿತ್ರವೆರಡೂ ನಿಜವೇ. ಮೊದಲು ಏನನ್ನು ತೋರಿಸಿದರು, ಯಾವ ಪದವನ್ನು ಆರಿಸಿದರು, ಏನನ್ನು ಬಿಟ್ಟರು ಎಂಬಲ್ಲಿ ತೀರ್ಪು ಅಡಗಿದೆ.

ಬಿಟ್ಟುಹೋಗುವುದು ಬಹುಮಟ್ಟಿಗೆ ಶಾಸನವೇ. 1955ರ ಪೌರತ್ವ ಕಾಯಿದೆಯಂತೆ, ಗಣರಾಜ್ಯವಾದ ತರುವಾಯ 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದವನು ಸಾಮಾನ್ಯವಾಗಿ ಜನ್ಮದಿಂದಲೇ ಪೌರನು. ಅನಂತರ ಹುಟ್ಟಿದವನಿಗೆ ತಂದೆತಾಯಿಗಳಲ್ಲಿ ಒಬ್ಬರು ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ್ದರೆ, ಅವರಲ್ಲಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಲೂ ಕೂಡದು. ಒಂದೇ ಮನೆಯ ಅಜ್ಜಿ, ಮಗ, ಮೊಮ್ಮಗನಿಗೆ ಮೂರು ಬಗೆಯ ಸ್ಥಿತಿ ಒದಗಬಹುದು! 2019ರ ತಿದ್ದುಪಡಿಯು 3 ದೇಶಗಳಿಂದ 2014ರ ಅಂತ್ಯದೊಳಗೆ ಬಂದ 6 ಮತಗಳವರಿಗೆ ದಾರಿ ತೆರೆದು, ಆ ದೇಶಗಳ ಮುಸಲ್ಮಾನರನ್ನೂ ಸಿಂಹಳದ ತಮಿಳರನ್ನೂ ಹೊರಗಿಟ್ಟಿತು. 2024ರ ಮಾರ್ಚಿಯಲ್ಲಿ ಬಂದ ನಿಯಮಗಳಂತೆ ಅರ್ಜಿದಾರನ ಕಾಗದಗಳನ್ನು ಪರಿಶೀಲಿಸುವುದು ಅಂಚೆ ಅಧೀಕ್ಷಕರ ನೇತೃತ್ವದ ಜಿಲ್ಲಾ ಸಮಿತಿ. ನಾವು ಕಂಡ ಚಿತ್ರಗಳಲ್ಲಿ ಗಡಿಯ ಮುಳ್ಳುತಂತಿ ಹಲವು ಬಾರಿ ಕಾಣಿಸಿತು. ಅಂಚೆ ಅಧೀಕ್ಷಕರ ಮೇಜು ಒಮ್ಮೆಯೂ ಕಾಣಿಸಲಿಲ್ಲ.

ಇದರಿಂದಾಗುವ ಹಾನಿ ಕಲ್ಪನೆಯದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಗುಡಿಸಲುಗಳಲ್ಲಿ ಬಾಂಗ್ಲಾದೇಶದ ಅಕ್ರಮ ವಲಸಿಗರಿದ್ದಾರೆಂದು ಸೂಚಿಸುವ ಚಲಚ್ಚಿತ್ರವೊಂದು ಎಲ್ಲೆಡೆ ಹರಡಿತು. ಕೆಲವೇ ದಿನಗಳಲ್ಲಿ ಯಂತ್ರಗಳು ಬಂದು ಆ ಗುಡಿಸಲುಗಳನ್ನು ನೆಲಸಮಮಾಡಿದವು. ಅಲ್ಲಿದ್ದವರಲ್ಲಿ ಅಸ್ಸಾಮ್, ತ್ರಿಪುರಾಗಳಿಂದ ಬಂದ ಭಾರತೀಯರಿದ್ದರು. ಹೊಟ್ಟೆಪಾಡಿಗೆ ಹೋದ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಗುರುತಿನ ಚೀಟಿಗಳನ್ನು ಕೈಯಲ್ಲಿ ಹಿಡಿದು ಅವರು ಬಯಲಲ್ಲಿ ನಿಂತರು. ಉಚ್ಚ ನ್ಯಾಯಾಲಯವು ಆ ತೆರವನ್ನು ಒಪ್ಪದೆ, ಅವರ ಪುನರ್ವಸತಿಯ ಹೊಣೆಯನ್ನು ಸರಕಾರಕ್ಕೆ ತೋರಿಸಿತು. ಚಿತ್ರಕ್ಕೆ ಬೇಕಾದುದು ಕೆಲವು ನಿಮಿಷ, ನ್ಯಾಯಕ್ಕೆ ಬೇಕಾದುದು ಹಲವು ವಾರ. ಈ ನಡುವೆ ಸೂರು ಹೋಗಿತ್ತು.

ಆದುದರಿಂದ ಅಧಿಕಾರಿ ಮಹಾಶಯರಲ್ಲಿ ನಮ್ಮದೊಂದು ಅರಿಕೆಯುಂಟು. ತಾನು ಪರದೇಶಿಯಲ್ಲವೆಂದು ಸಿದ್ಧಪಡಿಸುವ ಹೊಣೆಯನ್ನು ಸಂಶಯಕ್ಕೆ ಗುರಿಯಾದವನ ಮೇಲೆಯೇ ಹೊರಿಸಿದ 1946ರ ನಿಯಮವು 2025ರ ಶಾಸನದಲ್ಲಿಯೂ ಉಳಿದಿದೆ. ಸಂಶಯಕ್ಕೆ ಇಷ್ಟು ತೂಕವಿರುವಲ್ಲಿ, ರಾತ್ರಿ ನೋಡಿದ ಚಿತ್ರವನ್ನು ಬೆಳಿಗ್ಗೆ ಕಚೇರಿಗೆ ಕೊಂಡೊಯ್ಯುವುದು ಅನ್ಯಾಯವೇ ಸರಿ. ದೇಶದ ಗಡಿಯನ್ನು ಕಾಯುವುದು ಸರಕಾರದ ಧರ್ಮ. ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಅದನ್ನು ಕಾಗದ, ಸಾಕ್ಷ್ಯ, ವಿಚಾರಣೆಗಳಿಂದ ಕಾಯಬೇಕಲ್ಲದೆ ನಗಾರಿಯ ಸದ್ದಿನಿಂದಲ್ಲ.

ನಮ್ಮ ಪತ್ರಿಕೆಯಾದರೂ ಈ ದೋಷದಿಂದ ಮುಕ್ತವೆಂದು ನಾವು ಹೇಳಲಾರೆವು. 'ನುಸುಳುಕೋರ' ಎಂಬ ಪದವು ತಲೆಬರಹಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾಯಿದೆ ಹಾಗೆಂದು ತೀರ್ಮಾನಿಸುವ ಮೊದಲು ಯಾರಿಗೂ ಆ ಪದವನ್ನು ಹಚ್ಚಬಾರದೆಂದು ನಾವು ನಿಶ್ಚಯಿಸಿದ್ದೇವೆ. ನಾವು ತಪ್ಪಿದಲ್ಲಿ ವಾಚಕರು ಸಂಕೋಚವಿಲ್ಲದೆ ಎಚ್ಚರಿಸಬೇಕು.