ಗಂಟಲುನೋವು ಹೃದಯಕ್ಕೆ ಇಳಿಯದಿರಲಿ



ಮಗುವಿಗೆ ಗಂಟಲುನೋವು ಬಂದರೆ ನಾವು ಏನು ಮಾಡುತ್ತೇವೆ? ಉಪ್ಪುನೀರು ಮುಕ್ಕಳಿಸಲು ಹೇಳುತ್ತೇವೆ, ಕಷಾಯ ಕುಡಿಸುತ್ತೇವೆ, ಎರಡು ದಿನದಲ್ಲಿ ಮರೆತುಬಿಡುತ್ತೇವೆ. ಬಹುತೇಕ ಗಂಟಲುನೋವು ಹಾಗೆಯೇ ವಾಸಿಯಾಗುವುದೂ ನಿಜ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದ ನೋವನ್ನು ಅಲಕ್ಷಿಸಿದರೆ, ಕೆಲವು ಮಕ್ಕಳಿಗೆ ಅದು ಜೀವನಪರ್ಯಂತದ ಹೃದ್ರೋಗವಾಗುತ್ತದೆ.

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಅವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ರಕ್ತವನ್ನು ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬರಗೊಡುವುದಿಲ್ಲ. ಕವಾಟ ಕಿರಿದಾದರೆ ರಕ್ತ ಸರಾಗವಾಗಿ ಸಾಗದು. ಸರಿಯಾಗಿ ಮುಚ್ಚದಿದ್ದರೆ ಹಿಂದಕ್ಕೆ ಸೋರುತ್ತದೆ. ಎರಡರಲ್ಲೂ ಹೃದಯ ದಣಿಯುತ್ತದೆ.

ಹುಟ್ಟಿನಿಂದ ಬಂದ ದೋಷ, ಮುಪ್ಪಿನಲ್ಲಿ ಸುಣ್ಣದಂಶ ಸೇರಿ ಗಡುಸಾಗುವುದು, ಸೋಂಕು, ಹೀಗೆ ಕವಾಟ ಕೆಡಲು ಕಾರಣಗಳು ಹಲವು. ನಮ್ಮ ದೇಶದ ಮಕ್ಕಳು ಮತ್ತು ಯುವಜನರಲ್ಲಿ ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ, ಗಂಟಲುನೋವಾದ ಎರಡು ಮೂರು ವಾರಗಳ ನಂತರ ಇದು ಬರುತ್ತದೆ. ಊತ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುತ್ತದೆ. ರೋಗಾಣುವಿನ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿ ತನ್ನದೇ ಹೃದಯದ ಮೇಲೂ ತಿರುಗಿಬೀಳುತ್ತದೆ. ಕೀಲುನೋವು ಗುಣವಾಗುತ್ತದೆ, ಕವಾಟಕ್ಕೆ ಆದ ಗಾಯ ಉಳಿದುಬಿಡಬಹುದು.

ಆ ಗಾಯ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಬೆಳಕಿಗೆ ಬರುವುದೇ ಬಸಿರಿನಲ್ಲಿ. ಆಗ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಕಿರಿದಾದ ಕವಾಟ ಅದನ್ನು ತಾಳದೆ ಏದುಸಿರು ಬರುತ್ತದೆ. ಇನ್ನು ಕೆಲವರಲ್ಲಿ ಹೃದಯದ ಬಡಿತ ತಾಳ ತಪ್ಪಿ, ಒಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಸಾಗಿ ಲಕ್ವ ಹೊಡೆಯುತ್ತದೆ.

ಚಿಕಿತ್ಸೆ ಇಲ್ಲವೆಂದಲ್ಲ. ಜಪಾನಿನ ಡಾ. ಕಾಂಜಿ ಇನೊವೆ 1982ರಲ್ಲಿ ಬಲೂನಿನಿಂದ ಕವಾಟ ಹಿಗ್ಗಿಸುವ ವಿಧಾನವನ್ನು ಆರಂಭಿಸಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕೃತಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಆದರೆ ಇಂಥ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಅದಕ್ಕಿಂತ ಸುಲಭದ ದಾರಿ ನಮ್ಮ ಕೈಯಲ್ಲೇ ಇದೆ. ಜ್ವರದೊಡನೆ ಗಂಟಲುನೋವು ಬಂದರೆ ಮಗುವನ್ನು ವೈದ್ಯರಿಗೆ ತೋರಿಸೋಣ. ಅವರು ಹತ್ತು ದಿನದ ಮಾತ್ರೆ ಕೊಟ್ಟರೆ ಮೂರನೇ ದಿನಕ್ಕೆ ನಿಲ್ಲಿಸದಿರೋಣ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ಕೊಡಿಸಬೇಕಾಗುತ್ತದೆ. "ಮಗು ಚೆನ್ನಾಗಿಯೇ ಇದೆಯಲ್ಲ, ಇನ್ನೇಕೆ ಸೂಜಿ?" ಎಂದು ನಮಗೆ ಅನಿಸುವುದು ಸಹಜ. ಸೂಜಿ ತಪ್ಪದೆ ಬಿದ್ದುದರಿಂದಲೇ ಮಗು ಚೆನ್ನಾಗಿದೆ ಎಂಬುದನ್ನು ಮರೆಯದಿರೋಣ. ಜ್ವರ ಮರುಕಳಿಸಿದಷ್ಟೂ ಕವಾಟ ಇನ್ನಷ್ಟು ಕೆಡುತ್ತದೆ. ಕ್ಯಾಲೆಂಡರಿನಲ್ಲಿ ಹಬ್ಬಗಳನ್ನು ಗುರುತಿಸುವಂತೆ ಸೂಜಿಯ ದಿನವನ್ನೂ ಗುರುತಿಸಿಟ್ಟುಕೊಳ್ಳೋಣ.