ಎಕ್ಸ್‌ಟೆನ್ಷನ್ ಒಂದೇ, ದಾರಿ ಮೂರು

ಪ್ರಶ್ನೆ: ಪಿಎಚ್‌ಪಿಗೆ ಇಮ್ಯಾಜಿಕ್ ಎಂಬ ಹೊರಗಿನ ಎಕ್ಸ್‌ಟೆನ್ಷನ್ ಹಾಕುವ ವಿಧಾನ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಥರ ಏಕೆ?

ಉತ್ತರ: ಇಮ್ಯಾಜಿಕ್ ಬರೆದಿರುವುದು ಸಿ ಭಾಷೆಯಲ್ಲಿ. ಆಯಾ ವ್ಯವಸ್ಥೆಗೆ ತಕ್ಕಂತೆ ಅದನ್ನು ಕಂಪೈಲ್ ಮಾಡಲೇಬೇಕು. ಉಬುಂಟುವಿನಲ್ಲಿ ಆ ಕೆಲಸ ಮುಗಿಸಿದ ಸಿದ್ಧ ಪ್ಯಾಕೇಜು ಒಂದೇ ಆದೇಶಕ್ಕೆ ಸಿಗುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಇಮ್ಯಾಜಿಕ್‌ಗೆ ಬೇಕಾದ ಇಮೇಜ್‌ಮ್ಯಾಜಿಕ್ ಲೈಬ್ರರಿ ಹಾಕಿಕೊಂಡು, ಪೆಕಲ್ ಎಂಬ ಸಾಧನ ಬಳಸಿ ಎಕ್ಸ್‌ಟೆನ್ಷನ್ ಅನ್ನು ಅಲ್ಲೇ ಕಂಪೈಲ್ ಮಾಡಬಹುದು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕಂಪೈಲರ್ ಇರುವುದಿಲ್ಲ. ಸಿದ್ಧ ಡಿಎಲ್‌ಎಲ್ ಫೈಲನ್ನು ‘ಎಕ್ಸ್‌ಟ್’ ಫೋಲ್ಡರಿಗೂ, ಜೊತೆಗೆ ಬಂದ ಉಳಿದವನ್ನು ಪಿಎಚ್‌ಪಿ ಫೋಲ್ಡರಿಗೂ ಹಾಕಿ, ಐಎನ್‌ಐ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು.

ಎಡವುವುದು ಇಲ್ಲೇ. ಪಿಎಚ್‌ಪಿ 8.2ರ ಡಿಎಲ್‌ಎಲ್ 8.3ಕ್ಕೆ ಹೊಂದದು, ಥ್ರೆಡ್‌ಸೇಫ್ ಹೌದೋ ಅಲ್ಲವೋ ಎಂಬುದೂ ತಾಳೆಯಾಗಬೇಕು. ಆಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ. ಎಕ್ಸ್‌ಟೆನ್ಷನ್‌ಗಳ ಪಟ್ಟಿಯಲ್ಲಿ ಹೆಸರು ಕಂಡರೆ ಕೆಲಸ ಆದಂತೆ.